ಎರಡು ಗಂಟೆಯ ಧಾರಾವಾಹಿ

ಬನಹಟ್ಟಿಯ ಬಾಳಾಸಾಹೇಬರ ಶೆಡ್ಡಿನಲ್ಲಿ ಹದಿನಾರು ಮಗ್ಗಗಳಿದ್ದವು, ಒಂದು ಟಿವಿ ಇತ್ತು. ಮಗ್ಗಗಳು ನಡೆಯುವಾಗ ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಅರ್ಧ ಮಾತು ಹಾರಿಹೋಗುತ್ತಿತ್ತು. ಹೀಗಾಗಿ ಆ ಟಿವಿಯ ಸದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಯಾವುದೋ ಕ್ರಿಕೆಟ್ ಪಂದ್ಯದ ದಿನ ನೇಕಾರರು ಮಗ್ಗ ಬಿಟ್ಟು ಚಹಾದಂಗಡಿಗೆ ಹೋಗಿ ನಿಂತಿದ್ದರಿಂದ ಬೇಸತ್ತು ಬಾಳಾಸಾಹೇಬರೇ ಅದನ್ನು ಒಳಗೋಡೆಗೆ ಹಾಕಿಸಿದ್ದರು. ಪಂದ್ಯ ಮುಗಿದು ನಾಲ್ಕು ವರ್ಷವಾಗಿತ್ತು. ಟಿವಿ ಮಾತ್ರ ಗೋಡೆಯ ಮೇಲೇ ಉಳಿದಿತ್ತು.

ಈಗ ಅದನ್ನು ಇಳಿಸಬೇಕೆಂದು ಅವರಿಗೆ ಅನಿಸತೊಡಗಿತ್ತು. ಸೀರೆಗಳನ್ನು ಮಡಚಿ ಘಡಿ ಮಾಡುವ ಕೋಣೆಯಲ್ಲಿ ಎಳೆ ತಪ್ಪಿದ ಸೀರೆಗಳು ಹೆಚ್ಚು ಹೆಚ್ಚು ಸಿಗುತ್ತಿದ್ದವು. ಹಾಸಿನ, ಅಂದರೆ ಉದ್ದಕ್ಕೆ ಎಳೆದ ನೂಲಿನ, ಒಂದು ಎಳೆ ಹರಿದರೆ ನೇಕಾರ ಕೂಡಲೇ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ನೋಡದೆ ಬಿಟ್ಟರೆ ಸೀರೆಯಲ್ಲಿ ಕೂದಲೆಳೆಯಷ್ಟು ಸಂದು ಉದ್ದಕ್ಕೂ ಹೋಗುತ್ತದೆ. ಬೆಳಕಿಗೆ ಹಿಡಿದು ನೋಡುವ ವ್ಯಾಪಾರಿಯ ಕಣ್ಣಿಗೆ ಮೊದಲು ಬೀಳುವುದೇ ಅದು.

"ಕಣ್ಣ ಟಿವಿ ಮ್ಯಾಲ, ಕೈ ಮಗ್ಗದ ಮ್ಯಾಲ. ಸೀರಿ ಕೆಡದ ಇನ್ನೇನ ಆಗತೈತಿ?" ಎಂದು ಅವರು ತಂಗಿಯ ಮಗಳು ಅಕ್ಷತಾಳಿಗೆ ಹೇಳಿದರು.

ಅಕ್ಷತಾ ಜಮಖಂಡಿಯಲ್ಲಿ ಪತ್ರಿಕೋದ್ಯಮದ ಎಂ.ಎ. ಕೊನೆಯ ವರ್ಷ ಓದುತ್ತಿದ್ದಳು. ಸಮೂಹ ಮಾಧ್ಯಮಗಳು ಜನರ ಮೇಲೆ ಏನು ಪರಿಣಾಮ ಮಾಡುತ್ತವೆ ಎಂಬುದರ ಬಗ್ಗೆ ಕ್ಷೇತ್ರಕಾರ್ಯ ಮಾಡಿ ಯುಗಾದಿಯೊಳಗೆ ಕಿರುಪ್ರಬಂಧ ಒಪ್ಪಿಸಬೇಕಿತ್ತು. ಅವಳ ಜೊತೆಯವರೆಲ್ಲ ಕಾಲೇಜು ಹುಡುಗರ ಮೊಬೈಲ್ ಬಳಕೆಯನ್ನೇ ಆರಿಸಿಕೊಂಡಿದ್ದರು. ಮಾಮಾನ ಮಾತು ಕೇಳಿದ ಮೇಲೆ ಅವಳಿಗೆ ಶೆಡ್ಡೇ ಒಳ್ಳೆಯದೆನಿಸಿತು.

"ಛಲೋ ಆತ ಬಿಡು" ಎಂದರು ಬಾಳಾಸಾಹೇಬರು. "ನಾ ಇಳಿಸಿದ್ರ ಸಾವಕಾರ ಕೆಟ್ಟ ಅಂತಾರ. ಕಾಲೇಜಿನ್ಯಾರ ಬರದ ಕೊಟ್ರ ಯಾರೂ ಏನೂ ಅನ್ನಂಗಿಲ್ಲ."

"ಟಿವಿಯಿಂದ ಅಲ್ಲ ಅಂತ ಬಂದ್ರ, ಮಾಮಾ?"

"ಏನರ ಬರಲಿ. ಯಾವುದರಿಂದ ಕೆಡತೈತಿ ಅಂತ ಬರದ ಕೊಡು, ಅದನ್ನ ಶೆಡ್ಡಿನಿಂದ ಹೊರಗ ಹಾಕತೇನಿ. ಟಿವಿ ಆಗಲಿ, ಮನಷಾ ಆಗಲಿ."

ಆಗ ಅಕ್ಷತಾ ನಕ್ಕಳು.

ಮೊದಲ ವಾರ ಅವಳು ದಿನಾ ಮಧ್ಯಾಹ್ನ ಜಮಖಂಡಿಯಿಂದ ಬಸ್ಸಿಗೆ ಬಂದು ಶೆಡ್ಡಿನ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತಳು. ಒಬ್ಬೊಬ್ಬ ನೇಕಾರನಿಗೆ ಎರಡೆರಡು ಮಗ್ಗ. ಒಟ್ಟು ಎಂಟು ಜನ. ಐದು ನಿಮಿಷಕ್ಕೊಮ್ಮೆ ತಲೆಯೆತ್ತಿ, ಎಷ್ಟು ಜನರ ಕಣ್ಣು ಟಿವಿ ಗೋಡೆಯ ಕಡೆ ಇದೆಯೆಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದಳು. ಅವಳು ಯಾಕೆ ಬಂದಿದ್ದಾಳೆಂಬುದು ಎಲ್ಲರಿಗೂ ಗೊತ್ತಾಗಿತ್ತು. ಮೂಲೆಯ ಮಗ್ಗದ ಗುರುಸಿದ್ದನಂತೂ ಅವಳು ಒಳಗೆ ಬರುವುದನ್ನೇ ಕಾದು ಕಿವಿಯ ಹತ್ತಿರ ಬಂದು ಕೂಗುತ್ತಿದ್ದ.

"ಬಂದ್ರಿ ಅಕ್ಕಾರ? ಇವತ್ತ ಎಷ್ಟ ಸಲ ಕಣ್ಣ ಎತ್ತಬೇಕ್ರಿ? ಹೇಳಿಬಿಡ್ರಿ, ಎತ್ತಿ ಮುಗಸ್ತೇವಿ."

ಮಧ್ಯಾಹ್ನದ ಸುದ್ದಿ, ಹಾಡು ಇವುಗಳ ಕಡೆ ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ. ಎರಡು ಗಂಟೆಗೆ ಹಿಂದಿನ ರಾತ್ರಿಯ ಧಾರಾವಾಹಿ ಮರುಪ್ರಸಾರವಾಗುತ್ತಿತ್ತು. ಆಗ ಮಾತ್ರ ಎಂಟೂ ಜನರ ಮುಖ ಒಳಗೋಡೆಯ ಕಡೆ ತಿರುಗುತ್ತಿದ್ದವು. ಕೈ ಎಳೆಯ ಮೇಲೆಯೇ ಇರುತ್ತಿತ್ತು, ಕಣ್ಣು ಹೋಗಿ ಬರುತ್ತಿತ್ತು. ಮಾಧ್ಯಮದ ಮಾತು ಬಂದೂಕಿನ ಗುಂಡಿನ ಹಾಗೆ ನೋಡುಗರಿಗೆ ನೇರ ನಾಟುತ್ತದೆ ಎಂದು ಒಂದು ಕಾಲದಲ್ಲಿ ನಂಬಿದ್ದರಂತೆ. ಹಳತಾಗಿ ಬಿಟ್ಟುಹೋದ ವಿಚಾರವೆಂದು ಅಕ್ಷತಾ ಪಠ್ಯದಲ್ಲಿ ಓದಿದ್ದಳು. ಎರಡು ಗಂಟೆಯ ಶೆಡ್ಡನ್ನು ನೋಡಿದರೆ ಅದು ಬಿಟ್ಟುಹೋದಂತೆ ಕಾಣುತ್ತಿರಲಿಲ್ಲ. ಆ ವಾರ ಕೆಟ್ಟ ಸೀರೆಗಳು ಹನ್ನೊಂದು.

ಶನಿವಾರ ಚಹಾದ ಹೊತ್ತಿಗೆ ಅವಳು ಎಂಟೂ ಜನರನ್ನು ಒಬ್ಬೊಬ್ಬರನ್ನಾಗಿ ಕರೆದು ಒಂದೇ ಪ್ರಶ್ನೆ ಕೇಳಿದಳು. ಈ ವಾರ ಧಾರಾವಾಹಿಯಲ್ಲಿ ದೊಡ್ಡ ಸೊಸೆ ಏನು ಮಾಡಿದಳು? ನಿಜವಾಗಿ ನೋಡಿದ್ದಾರೋ ಇಲ್ಲವೋ ತಿಳಿಯಲೆಂದು ಕೇಳಿದ ಪ್ರಶ್ನೆ ಅದು.

"ಮನಿ ಬಿಟ್ಟ ಹೋಗ್ಯಾಳ್ರಿ" ಎಂದ ಮೊದಲನೆಯವನು. "ಮಹಾಲಿಂಗಪುರದಾಗ ಬೆಲ್ಲದ ಅಂಗಡಿ ತಗದಾಳ."

ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವನು, ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗೇ ಇದೆ, ಆದರೆ ತಕ್ಕಡಿ ಇನ್ನೂ ಬಂದಿಲ್ಲ ಎಂದ. ಐದನೆಯವನಿಗೆ ಅವಳ ಮೊದಲ ಗಿರಾಕಿ ಯಾರೆಂಬುದೂ ಗೊತ್ತಿತ್ತು.

ಅಕ್ಷತಾ ಆ ವಾರದ ಕಂತುಗಳನ್ನು ಮೊಬೈಲಿನಲ್ಲಿ ಸದ್ದು ಹಚ್ಚಿ ನೋಡಿದ್ದಳು. ದೊಡ್ಡ ಸೊಸೆ ಆರೂ ದಿನ ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಆ ಧಾರಾವಾಹಿಯವರು ಮಹಾಲಿಂಗಪುರದ ಹೆಸರನ್ನು ಕೇಳಿರುವ ಸಾಧ್ಯತೆಯೇ ಇರಲಿಲ್ಲ. ಎಂಟು ಜನ, ಎಂಟೂ ತಪ್ಪು ಉತ್ತರ, ಎಂಟೂ ಒಂದೇ. ಕೊನೆಗೆ ಬಂದು ಅದನ್ನೇ ಹೇಳಿದ ಎಂಟನೆಯವನು ಗುರುಸಿದ್ದ. ಅವನನ್ನು ನೇರವಾಗಿಯೇ ಕೇಳಿದಳು.

"ಇದನ್ನ ನಿಮಗ ಯಾರ ಹೇಳಿದ್ರು?"

ಗುರುಸಿದ್ದ ಚಹಾದ ಬಟ್ಟಲು ಕೆಳಗಿಟ್ಟು ನಕ್ಕ. "ಟಿವಿ ಯಾರ ನೋಡ್ತಾರ್ರಿ ಅಕ್ಕಾರ? ಅದರ ಕೆಳಗ ನೋಡ್ರಿ."

ಟಿವಿಯ ಕೆಳಗಿನ ಮೂಲೆಯಲ್ಲಿ ಕೂರುತ್ತಿದ್ದವಳು ಹಾಲವ್ವ. ಲಾಳಿಯೊಳಗೆ ಹಾಕುವ ಸಣ್ಣ ಕೊಳವೆಗಳಿಗೆ, ಅಂದರೆ ಕಂಡಿಕೆಗಳಿಗೆ, ನೂಲು ಸುತ್ತುವುದು ಅವಳ ಕೆಲಸ. ರಾಟಿಗೆ ಮೋಟಾರು ಕೂಡಿಸಿದ ಮೇಲೆ, ಕಂಡಿಕೆ ತುಂಬಿದಾಗ ತೆಗೆದು ಬೇರೆ ಹಾಕುವಷ್ಟೇ ಉಳಿದು, ನಡುವೆ ಕೈ ಖಾಲಿ ಇರುತ್ತಿದ್ದವು. ಐವತ್ತೈದರ ಹೆಂಗಸು. ಮೂವತ್ತು ವರ್ಷ ಶೆಡ್ಡಿನಲ್ಲೇ ಕಳೆದು ಕಿವಿ ಹೆಚ್ಚುಕಡಿಮೆ ಹೋಗಿದ್ದವು. ಅಕ್ಷತಾಳ ಸ್ಟೂಲಿನಿಂದ ನೋಡಿದರೆ ಟಿವಿ ನೋಡುವ ಕಣ್ಣಿಗೂ ಹಾಲವ್ವನನ್ನು ನೋಡುವ ಕಣ್ಣಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಂದು ವಾರದ ಗೆರೆಗಳೆಲ್ಲ ತಪ್ಪು ಕಡೆ ಬಿದ್ದಿದ್ದವು.

ಸೋಮವಾರ ಅವಳು ಸ್ಟೂಲ್ ಎತ್ತಿಕೊಂಡು ಒಳಗೆ ಹೋಗಿ ಕೂತಳು. ಎರಡು ಗಂಟೆಯಾಯಿತು. ಹಾಲವ್ವ ಸೆರಗನ್ನು ನಡುವಿಗೆ ಸಿಕ್ಕಿಸಿ ಎರಡೂ ಕೈ ಎತ್ತಿದಳು. ಒಂದು ಅಂಗೈ ಮೇಲಾಯಿತು, ಒಂದು ಕೆಳಗಾಯಿತು: ತಕ್ಕಡಿ ಬಂದಿತ್ತು. ಗಲ್ಲ ಉಬ್ಬಿಸಿ ಹೊಟ್ಟೆಯ ಮೇಲೆ ಕೈಯಾಡಿಸಿದಳು: ಮಾವ ಅಂಗಡಿಗೆ ಬಂದ. ತುಟಿಗಳು ಸದ್ದಿಲ್ಲದೆ ಮಾತಾಡುತ್ತಿದ್ದವು. ಮಗ್ಗದವರು ವರ್ಷಾನುಗಟ್ಟಲೆ ತುಟಿ ನೋಡಿಯೇ ಮಾತು ತಿಳಿಯುವವರು. ಮಾವ ಬೆಲ್ಲ ತೂಗಿಸಿಕೊಂಡು ಸೊಸೆಯ ಮುಖ ನೋಡಿ ಮೆತ್ತಗೆ ಹಿಂದೆ ಸರಿದಾಗ ಎಂಟು ಜನರ ಹೆಗಲುಗಳು ನಗೆಯಿಂದ ಅಲುಗಿದವು. ಮೇಲೆ ಟಿವಿಯಲ್ಲಿ ದೊಡ್ಡ ಸೊಸೆಗೆ ಸಲೈನ್ ಹಚ್ಚಿದ್ದರು.

ಸಂಜೆ ಮಗ್ಗ ನಿಂತ ಮೇಲೆ ಅಕ್ಷತಾ ಅವಳ ಎದುರಿಗೆ ಕೂತು ಜೋರಾಗಿ ಕೇಳಿದಳು. "ಹಾಲವ್ವಾಯಿ, ಮನ್ಯಾಗ ಧಾರಾವಾಹಿ ನೋಡ್ತೀಯೇನ?"

"ನೋಡ್ತೇನಿ ತಂಗಿ. ಕೇಳಂಗಿಲ್ಲ. ಮಾರಿ ನೋಡಿ ತಿಳ್ಕೋತೇನಿ. ತಿಳೀದಿದ್ದಲ್ಲೆ ನಾನ ಹಾಕತೇನಿ."

"ಆಕಿ ಬೆಲ್ಲದ ಅಂಗಡಿ?"

"ಎಷ್ಟ ದಿನ ಮಲಗಸ್ತಾರ ಆಕಿನ್ನ? ಗಟ್ಟಿ ಹೆಣಮಗಳ ಇದ್ದಂಗ ಕಾಣತಾಳ. ಎಬ್ಬಿಸಿದೆ."

ಅಕ್ಷತಾಳ ಪಠ್ಯದಲ್ಲಿ ಎರಡು ಹಂತದ ಹರಿವು ಎಂಬ ಅಧ್ಯಾಯವಿತ್ತು. ಮಾಧ್ಯಮದ ಸುದ್ದಿ ಮೊದಲು ಊರಲ್ಲಿ ಮಾತು ನಡೆಯುವ ಕೆಲವರಿಗೆ ಮುಟ್ಟುತ್ತದೆ, ಅವರಿಂದ ಉಳಿದವರಿಗೆ ಹೋಗುತ್ತದೆ ಎಂಬುದು ಅದರ ತಿರುಳು. ಪುಸ್ತಕದ ಚಿತ್ರದಲ್ಲಿ ಬಾಣದ ಗುರುತುಗಳು ನೆಟ್ಟಗಿದ್ದವು. ಇಲ್ಲಿ ಹಾಲವ್ವನ ತನಕ ಬಂದದ್ದು ಒಂದು, ಅವಳಿಂದ ಹೊರಟದ್ದು ಇನ್ನೊಂದು. ಅಂದು ರಾತ್ರಿ ಬಸ್ಸಿನಲ್ಲಿ ಹೋಗುವಾಗ ಅವಳಿಗೆ ಬಹಳ ಸಂತೋಷವಾಗಿತ್ತು. ಇಂಥದ್ದು ಅವಳ ತರಗತಿಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಸಂತೋಷ ಮರುದಿನದವರೆಗೆ ಇತ್ತು. ಹೋಲಿಕೆಗೆಂದು ಒಂದು ವಾರ ಟಿವಿ ಬಂದ್ ಇಡಬೇಕೆಂದು ಅವಳೇ ಮೊದಲು ಕೇಳಿಕೊಂಡಿದ್ದಳು. ಬಾಳಾಸಾಹೇಬರು ಮಂಗಳವಾರ ಅದರ ಮೇಲೊಂದು ಹಳೆಯ ಸೀರೆ ಹೊದಿಸಿದರು. ಎರಡು ಗಂಟೆಗೆ ಹಾಲವ್ವನ ಕೈ ಎಂದಿನಂತೆ ಎದ್ದವು. ಆದರೆ ಈ ಸಲ ದೂರದ ಮಗ್ಗದವರು ಬರಿ ಕಣ್ಣೆತ್ತಲಿಲ್ಲ. ಮಗ್ಗ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು, ಕತ್ತು ಚಾಚಿ ನಿಂತು ನೋಡಿದರು. ಬೆನ್ನ ಹಿಂದೆ ಎಳೆ ಹರಿಯುತ್ತಿದ್ದುದನ್ನು ಅಕ್ಷತಾ ಕಣ್ಣಾರೆ ಕಂಡಳು. ಮುಂದಿನ ಸೋಮವಾರದ ಹೊತ್ತಿಗೆ ಕೆಟ್ಟ ಸೀರೆಗಳು ಹದಿನೇಳಾಗಿದ್ದವು.

"ಟಿವಿ ಇಲ್ಲಂದ್ರ ಕಡಿಮಿ ಆಗಬೇಕಿತ್ತಲ್ಲ?" ಬಾಳಾಸಾಹೇಬರು ಸೀರೆಯೊಂದನ್ನು ಕಿಟಕಿಗೆ ಹಿಡಿದು ಸಂದಿನಿಂದಲೇ ಅವಳನ್ನು ನೋಡಿದರು. "ಮತ್ತೇನೋ ಐತಿ ಇದರಾಗ. ಏನೈತಿ? ಹೇಳು ಬೇ, ಕಲತಾಕಿ."

"ಎರಡ ದಿನ ಕೊಡ್ರಿ ಮಾಮಾ. ಇನ್ನೂ ನೋಡಾಕತ್ತೇನಿ."

ಶೆಡ್ಡಿನ ಹಿಂದೆ ನೂಲಿನ ಗೋದಾಮಿತ್ತು. ಅಲ್ಲಿ ಕಿಟಕಿ ಇರಲಿಲ್ಲ, ಇನ್ನೊಂದು ರಾಟಿ ಹಾಕುವಷ್ಟು ಜಾಗವಿತ್ತು. ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟರೆ ಹಾಲವ್ವನ ರಾಟಿ ಅಂದೇ ಅಲ್ಲಿಗೆ ಹೋಗುತ್ತದೆ. ಕಿವಿ ಕೇಳದವಳು ದಿನವಿಡೀ ನೂಲಿನ ಮೂಟೆಗಳ ನಡುವೆ ಒಬ್ಬಳೇ ಕೂರಬೇಕು. ಬರೆಯದಿದ್ದರೆ ತನ್ನ ಪ್ರಬಂಧದಲ್ಲಿ ಉಳಿಯುವುದು ಏನೆಂದು ಅಕ್ಷತಾಳಿಗೆ ತೋಚಲಿಲ್ಲ.

ಅವಳ ಮಾರ್ಗದರ್ಶಕರಾದ ಪರಮಾನಂದ ಸರ್ ಎಲ್ಲ ಕೇಳಿಸಿಕೊಂಡು, ಬೆಲ್ಲದ ಅಂಗಡಿಯ ಮಾತು ಬಂದಾಗ ಮಾತ್ರ ಒಂದು ಸಲ ಕನ್ನಡಕ ತೆಗೆದು ಒರೆಸಿಕೊಂಡರು.

"ಪ್ರಬಂಧದಾಗ ಕಂಡದ್ದ ಬರೀಬೇಕವಾ. ಅದನ್ನೇನ ಕೇಳ್ತಿ?"

"ಬರದ್ರ ಆಕಿ ಜಾಗಾ ಹೋಗತೈತ್ರಿ ಸರ್."

"ಆಕಿಗೆ ಗೊತ್ತೈತೇನ, ನೀ ಆಕಿ ಮ್ಯಾಲ ಬರಿಯಾಕತ್ತಿ ಅಂತ?"

ಗೊತ್ತಿರಲಿಲ್ಲ. ಹಾಲವ್ವನೂ ಉಳಿದವರ ಹಾಗೆ, ಇವಳು ಟಿವಿಯ ಲೆಕ್ಕ ಬರೆಯುತ್ತಿದ್ದಾಳೆಂದೇ ತಿಳಿದಿದ್ದಳು.

"ಮೊದಲ ಆಕಿಗೆ ಹೇಳು. ಆಮ್ಯಾಲ ನನ್ನ ಹತ್ರ ಬಾ."

ಬುಧವಾರ ಊಟದ ಹೊತ್ತಿಗೆ ಹೇಳಿದಳು. ಹಾಲವ್ವ ರೊಟ್ಟಿಯ ಮೇಲೆ ಕೆಂಪು ಚಟ್ನಿ ಹಚ್ಚಿಕೊಂಡು ಕೂತಿದ್ದಳು. ಅಕ್ಷತಾ ತುಟಿಗಳನ್ನು ನಿಧಾನವಾಗಿ ಆಡಿಸಿ, ಸೀರೆಗಳ ಎಣಿಕೆಯನ್ನೂ ನೇಕಾರರು ಮಗ್ಗ ಬಿಟ್ಟು ಬರುವುದನ್ನೂ ಹೇಳಿ, ಮಾಮಾನಿಗೆ ಇನ್ನೂ ಹೇಳಿಲ್ಲ ಎಂದಳು. ಹಾಲವ್ವ ರೊಟ್ಟಿಯ ತುಣುಕನ್ನು ಅಗಿದು ನುಂಗಿದಳು.

"ಅಂದ್ರ, ದಿನಾ ಬಂದ ನನ್ನ ಮುಂದ ಕುಂತ ನಕ್ಕದ್ದು ಇದಕ್ಕ?"

"ಹಂಗಲ್ಲ ಆಯಿ..."

"ನೀ ಅಂದದ್ದ ತಿಳೀತು ಬಿಡು. ನನ್ನ ದೆಸಿಂದ ಸಾವಕಾರ್ರ ಸೀರಿ ಕೆಡಾಕತ್ತಾವ. ಇನ್ನ ಕೆಡಂಗಿಲ್ಲ."

ಅವಳು ಎದ್ದು ಕೈ ತೊಳೆದು ಬಂದು, ರಾಟಿಯನ್ನು ತಾನೇ ಎಳೆದು ಗೋಡೆಗೆ ಮುಖ ಮಾಡಿ ಇಟ್ಟಳು. ಶೆಡ್ಡಿಗೆ ಬೆನ್ನು ಕೊಟ್ಟು ಕೂತಳು. ಎರಡು ಗಂಟೆಯಾದಾಗ ಎಂಟು ಜನ ಕಣ್ಣೆತ್ತಿದರು. ಹಸಿರು ಕುಪ್ಪಸದ ಬೆನ್ನು ಕಂಡಿತು. ಸ್ವಲ್ಪ ಹೊತ್ತು ಕಾದು ಕಣ್ಣಿಳಿಸಿದರು. ಗುರುಸಿದ್ದ ಮಾತ್ರ ತಿರುಗಿ ಅಕ್ಷತಾಳನ್ನು ನೋಡಿದ. ಅವನು ಅಂದು ಅವಳ ಕಿವಿಯ ಹತ್ತಿರ ಬಂದು ಏನೂ ಕೂಗಲಿಲ್ಲ.

ಮರುದಿನ ಅಕ್ಷತಾ ಟಿವಿಯ ಮೇಲಿನ ಸೀರೆ ತೆಗೆಸಿದಳು. ಮೊದಲಿನಂತಾದರೂ ಆಗಲೆಂದು ಅವಳ ಆಸೆ. ಧಾರಾವಾಹಿ ಬಂತು, ದೊಡ್ಡ ಸೊಸೆ ಕಣ್ಣು ಬಿಟ್ಟಳು, ಯಾರೂ ನೋಡಲಿಲ್ಲ. ಉಂಡು ಬಂದ ಹೊತ್ತು, ಒಂದೇ ಸಮನೆ ಬೀಳುವ ಸದ್ದು, ತಗಡಿನ ಕಾವು. ಎರಡೂವರೆಯ ಹೊತ್ತಿಗೆ ಒಬ್ಬ ಕಂಬಕ್ಕೆ ಒರಗಿದ್ದ. ಇನ್ನೊಬ್ಬ ಎರಡು ಸಲ ಮುಖಕ್ಕೆ ನೀರು ಹಾಕಿಕೊಂಡು ಬಂದ. ಹೀಗೇ ದಿನಗಳು ಹೋದವು. ನಾಲ್ಕನೆಯ ದಿನ ಗುರುಸಿದ್ದ ನಿಂತಲ್ಲೇ ತೂಕಡಿಸಿ, ಒಂದು ಸೀರೆಯಲ್ಲಿ ಎರಡು ಮೊಳ ಉದ್ದಕ್ಕೆ ಬೆರಳು ತೂರುವಷ್ಟು ಸಂದು ಬಿಟ್ಟ. ಬುಧವಾರದಿಂದ ಬುಧವಾರಕ್ಕೆ ಕೆಟ್ಟ ಸೀರೆಗಳು ಇಪ್ಪತ್ತಾರು.

ಬಾಳಾಸಾಹೇಬರು ಆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಅಕ್ಷತಾಳ ಮುಂದೆ ಬಂದು ನಿಂತರು. "ಟಿವಿ ಇದ್ರ ಹನ್ನೊಂದು, ಇಲ್ಲದಿದ್ರ ಹದಿನೇಳು, ಮತ್ತ ಇದ್ರ ಇಪ್ಪತ್ತಾರು. ಇದೇನ ಓದತೀರಬೇ ನೀವು? ಮತ್ತ ಆ ಹಾಲವ್ವ ಯಾಕ ಗ್ವಾಡಿ ನೋಡಕೋತ ಕುಂತಾಳ?"

ಅಕ್ಷತಾ ಎಲ್ಲವನ್ನೂ ಹೇಳಿದಳು. ಬೆಲ್ಲದ ಅಂಗಡಿಯಿಂದ ಶುರು ಮಾಡಿ ಹಸಿರು ಕುಪ್ಪಸದ ಬೆನ್ನಿನ ತನಕ ಹೇಳಿದಳು. "ಆಯಿ ಹೇಳುವಾಗ ಒಂದಿಷ್ಟ ಕೆಡತಾವ್ರಿ, ಖರೆ. ಹೇಳದಿದ್ರ ಭಾಳ ಕೆಡತಾವ. ಆಕಿನ್ನ ಗೋದಾಮಿಗೆ ಹಾಕಿದ್ರೂ ಇಷ್ಟ ಆಗೂದು, ಮಾಮಾ. ಈ ವಾರ ಹಾಕಿದಂಗ ಇತ್ತಲ್ಲ."

"ನಾಲ್ಕ ವರ್ಷ ನನ್ನ ಶೆಡ್ಡಿನಾಗ ಬ್ಯಾರೆ ಟಿವಿ ನಡದೈತಿ, ನನಗ ಗೊತ್ತಿಲ್ಲ!" ಎಂದರು ಬಾಳಾಸಾಹೇಬರು. ಸಿಟ್ಟೋ ನಗೆಯೋ ತಿಳಿಯದ ಹಾಗೆ ಒಂದು ಸಲ ಮೂಗಿನಿಂದ ಸದ್ದು ಮಾಡಿ, ಸೀರೆಯ ಸಂದಿನೊಳಗೆ ಬೆರಳು ತೂರಿಸಿ ನೋಡಿದರು. ಆಮೇಲೆ ಒಳಗೆ ಹೋದರು.

ಹಾಲವ್ವನ ಹಿಂದೆ ನಿಂತು ರಾಟಿಯನ್ನು ತಟ್ಟಿದರು. ಅವಳು ತಿರುಗಿದಳು. ಅವರು ಕೈ ಸುತ್ತಿಸಿ, ಈ ಕಡೆ ತಿರುಗಿ ಕೂಡು ಎಂದು ಸನ್ನೆ ಮಾಡಿದರು.

"ಏನ್ರಿ?" ಎಂದಳು ಹಾಲವ್ವ.

ಬಾಯಿ ಅಗಲಿಸಿ ಹೇಳಿದರು. ಎಂಟು ಜನರ ತುಟಿಯನ್ನು ಅಷ್ಟು ದೂರದಿಂದ ಓದುವವಳಿಗೆ ಮೊಳದೂರದಲ್ಲಿದ್ದ ಸಾವಕಾರರ ತುಟಿ ಮಾತ್ರ ಯಾಕೋ ತಿಳಿಯಲಿಲ್ಲ. "ಏನಂದ್ರಿ?"

ಬಾಳಾಸಾಹೇಬರು ಹೋಗಿ ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆದರು. ಹದಿನಾರು ಮಗ್ಗಗಳು ಒಂದರ ಹಿಂದೊಂದು ನಿಂತವು. ಟಿವಿಯೂ ಆರಿತು. ಬೀದಿಯ ಆಟೋದ ಸದ್ದು ಒಳಗೆ ಕೇಳಿಸಿತು. ಎಂಟೂ ಜನ ಇತ್ತ ತಿರುಗಿ ನಿಂತರು.

"ಹಾಲವ್ವ, ಮೊದಲಿನಂಗ ಈ ಕಡೆ ತಿರುಗಿ ಕೂಡ ಬೇ. ನಿನ್ನ ಕಥಿ ನಡೀಲಿ."

"ಸೀರಿ ಕೆಡತಾವಂತಲ್ರಿ?"

"ಎಲ್ಲಾರೂ ನಿದ್ದಿ ಹೊಡ್ಯಾಕತ್ತಾರ! ನಿದ್ದಿಕಿಂತ ಕಥಿ ಛಲೋ. ಆ ಟಿವಿನ ಬೇಕಾದ್ರ ತಗಸ್ತೇನಿ."

"ಟಿವಿ ಯಾಕ ತಗಸ್ತೀರಿ?" ಹಾಲವ್ವ ಗಾಬರಿಯಾದವಳಂತೆ ಮೇಲೆ ನೋಡಿದಳು. "ಅದು ಇರಲ್ರಿ. ಅದರ ಬೆಳಕ ನನ್ನ ಕೈಮ್ಯಾಲ ಬೀಳತೈತಿ. ಈ ಮೂಲ್ಯಾಗ ಇನ್ನ್ಯಾವ ಬೆಳಕ ಐತ್ರಿ? ಅದಕ್ಕ ಸೀರಿ ಹೊದಿಸಿದ್ರಿ, ದೂರದವರಿಗೆ ನನ್ನ ಕೈ ಕಾಣಲಿಲ್ಲ. ಮಗ್ಗ ಬಿಟ್ಟ ಬಂದ್ರು. ಕುಂತಲ್ಲೆ ಕಂಡಿದ್ರ ಯಾಕ ಬರತಿದ್ರು?"

ಅಕ್ಷತಾ ಬಾಗಿಲ ಬಳಿ ನಿಂತಿದ್ದಳು. ಮೂರು ವಾರ ಆ ಮೂಲೆಯನ್ನು ನೋಡಿದ್ದಳು. ಬೆಳಕಿನ ವಿಚಾರ ಅವಳ ನೋಟ್‌ಬುಕ್ಕಿನಲ್ಲಿ ಒಂದು ಕಡೆಯೂ ಇರಲಿಲ್ಲ.

ಬಾಳಾಸಾಹೇಬರು ಟಿವಿಯನ್ನೂ ಹಾಲವ್ವನ ಕೈಗಳನ್ನೂ ಒಮ್ಮೆ ನೋಡಿದರು. "ಒಂದ ಬಲ್ಬ ಹಾಕಸ್ತೇನಿ ಹಂಗಾದ್ರ."

"ಹಾಕಸ್ರಿ. ಆದ್ರ ಒಂದ ಮಾತು." ಹಾಲವ್ವ ಬಾಗಿಲ ಕಡೆ ಗದ್ದ ಎತ್ತಿದಳು. "ಆ ತಂಗಿ ಪುಸ್ತಕ ಹಿಡಕೊಂಡ ಕೂಡೂದ ಬ್ಯಾಡ. ಬರಕೊಳ್ಳಾಕತ್ತಾಳ ಅಂತ ಗೊತ್ತಾದ ಮ್ಯಾಲ ನನ್ನ ಕೈ ಏಳೂದಿಲ್ರಿ."

ಮಾಮಾ ಅಕ್ಷತಾಳ ಕಡೆ ನೋಡಿದರು. ಗುರುಸಿದ್ದನೂ ನೋಡಿದ. ಅಕ್ಷತಾ ಒಳಗೆ ಹೋಗಿ, ಹಾಲವ್ವನಿಗೆ ತನ್ನ ತುಟಿ ಕಾಣುವಷ್ಟು ಹತ್ತಿರ ನಿಂತಳು.

"ಹೋಗ್ತೇನಿ ಆಯಿ. ಮೊದಲ ದಿನಾನ ನಿನಗ ಹೇಳಬೇಕಿತ್ತು."

"ಹೂಂ, ಹೇಳಬೇಕಿತ್ತು" ಎಂದಳು ಹಾಲವ್ವ. ಆಮೇಲೆ ತನ್ನ ಬುತ್ತಿ ತೋರಿಸಿ, "ಉಂಡ ಹೋಗ್ತೀಯೇನ? ರೊಟ್ಟಿ ಉಳದಾವ."

ಅಕ್ಷತಾ ಒಂದು ರೊಟ್ಟಿ ತಿಂದಳು. ಅವಳು ಚಪ್ಪಲಿ ಮೆಟ್ಟಿ ಹೊರಡುವಾಗ ಬಾಳಾಸಾಹೇಬರು ಸ್ವಿಚ್ಚು ಹಾಕಿದ್ದರು. ಹಾಲವ್ವ ರಾಟಿಯನ್ನು ತಿರುಗಿಸಿ ಇಟ್ಟುಕೊಳ್ಳುತ್ತಿದ್ದಳು. ಎರಡಾಗಲು ಇನ್ನೂ ಹತ್ತು ನಿಮಿಷವಿತ್ತು. ಅಕ್ಷತಾ ನಿಲ್ಲಲಿಲ್ಲ. ಜಮಖಂಡಿಯ ಬಸ್ಸು ಸಿಕ್ಕಿತು.

ಪ್ರಬಂಧ ಬರೆಯಲು ಎರಡು ವಾರ ಹಿಡಿಯಿತು. ಎರಡು ಹಂತದ ಹರಿವಿನ ಅಧ್ಯಾಯವನ್ನು ಮೂರು ಸಲ ತಿದ್ದಿದಳು. ಎರಡನೆಯ ವಾರದ ಹದಿನೇಳಕ್ಕೆ ಹಾಲವ್ವನ ಕಥೆಯೇ ಕಾರಣವೆಂದು ತಾನು ಮೊದಲು ತಿಳಿದದ್ದನ್ನೂ, ಅದು ತಪ್ಪೆಂದು ಯಾರು ಹೇಗೆ ತಿಳಿಸಿದರೆಂಬುದನ್ನೂ ಬರೆದಳು. ಪರಮಾನಂದ ಸರ್ ಹಾಳೆ ತಿರುವುತ್ತ ಕೊನೆಯ ಕೋಷ್ಟಕದ ಮೇಲೆ ಬೆರಳಿಟ್ಟರು.

"ಆಕಿ ಮತ್ತ ಹೇಳಾಕ ಶುರು ಮಾಡಿದ ಮ್ಯಾಲಿನ ವಾರದ ಎಣಿಕಿ ಎಲ್ಲೈತಿ? ಅದ ಮುಖ್ಯ ಅಲ್ಲೇನವಾ? ಮಾಮಾಗ ಫೋನ್ ಮಾಡಿದ್ರ ಹೇಳತಾರಲ್ಲ."

"ಹೇಳತಾರ್ರಿ. ಕೇಳಿಲ್ಲ ಸರ್."

ಅವರು ಅವಳ ಮುಖ ನೋಡಿದರು. ಒತ್ತಾಯ ಮಾಡಲಿಲ್ಲ. "ಹಂಗ ಖಾಲಿ ಬಿಡಬ್ಯಾಡ. ಕಾರಣ ಬರಿ."

ಅಕ್ಷತಾ ಪೆನ್ನು ತೆಗೆದು, ನಾಲ್ಕನೆಯ ವಾರದ ಎದುರಿಗಿದ್ದ ಖಾಲಿ ಮನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಳು: ಕಂಡಿಕೆ ಸುತ್ತುವವರು ಬೇಡವೆಂದರು.